ಮಳೆಗಾಲದ ಸೌದೆ

ಕೆಲವು ವರ್ಷಗಳ ಹಿಂದಿನ ಮಾತು. ರಾಜ್ಯೋತ್ಸವದ ಊಟಕ್ಕೆಂದು ನಾವು ಬೋಪಾಲ್ ಕಡೆಯ ಒಂದು ಬಯಲಿನಲ್ಲಿ ಒಲೆ ಹೂಡಿದ್ದೆವು. ಅಡಿಗೆ ಸೌದೆಯ ಉರಿಯಲ್ಲಿಯೇ ಆಗಬೇಕು, ಆಗಲೇ ಸಾರಿಗೆ ಊರಿನ ರುಚಿ ಬರುವುದೆಂದು ನಮ್ಮ ಹಿರಿಯರ ಹಟ. ಎರಡು ದಿನ ಮೊದಲೇ ಒಂದು ಗಾಡಿ ಸೌದೆ ತರಿಸಿ, ಬರಿ ನೆಲದ ಮೇಲೆ ಸುರಿದು, ಅಕಾಲದ ಮಳೆ ಬಂದೀತೆಂಬ ಭಯದಿಂದ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಬಿಗಿದು ಸುತ್ತಿ, ಅಂಚಿಗೆ ಕಲ್ಲು ಹೇರಿದೆವು. ಬಹಳ ಜಾಣತನ ಮಾಡಿದೆವೆಂದು ನಮಗೆ ನಾವೇ ಮೆಚ್ಚಿಕೊಂಡದ್ದೂ ಉಂಟು.

ರಾತ್ರಿ ನಿಜವಾಗಿಯೂ ಒಂದು ಮಳೆ ಬಂದಿತು. ಬೆಳಗ್ಗೆ ಹಾಳೆ ತೆಗೆದು ನೋಡಿದರೆ ಅದರ ಒಳಮೈಯಲ್ಲಿ ಹನಿಗಳು ಸಾಲುಗಟ್ಟಿದ್ದವು. ಕೆಳಗಿನ ಸೌದೆಯೆಲ್ಲ ನೆಲದ ನೀರು ಕುಡಿದು ಕಪ್ಪಾಗಿತ್ತು. ಅಡಿಗೆಯ ಮಹಾರಾಜರು ಊದಿ ಊದಿ ಸೋತರು. ಬಯಲೆಲ್ಲ ಹೊಗೆಯಾಯಿತೇ ಹೊರತು ಹಂಡೆಯ ನೀರು ಕುದಿಯಲಿಲ್ಲ. ಆಗ ತೀರ್ಥಹಳ್ಳಿಯ ಕಡೆಯಿಂದ ಮಗನ ಮನೆಗೆ ಬಂದಿದ್ದ ಒಬ್ಬ ವೃದ್ಧ ತಾಯಿ ಕೋಲೂರಿಕೊಂಡು ಬಂದರು. ರಾಶಿಯನ್ನೊಮ್ಮೆ, ನಮ್ಮ ಹುಡುಗರನ್ನೊಮ್ಮೆ ನೋಡಿ, "ತಲೆಗೊಂದು ಟೋಪಿ ಸಾಕಿತ್ತು ಮಾರಾಯ. ಮೈಗೆಲ್ಲ ಕಂಬಳಿ ಹೊದಿಸಿದರೆ ಬೆವರದೆ ಇರುತ್ತದೆಯೇ?" ಎಂದರು.

ಅವರ ಮಾತಿನಂತೆ ಹುಡುಗರು ನಾಲ್ಕು ಇಟ್ಟಿಗೆ ಇಟ್ಟು, ಮೇಲೆ ಎರಡು ಗಳು ಹಾಯಿಸಿ, ಮೇಲಿನ ಸೌದೆಯನ್ನು ಬೇರೆ ಮಾಡಿ, ಗಾಳಿ ಆಡುವಂತೆ ಅಡ್ಡಡ್ಡಲಾಗಿ ಒಟ್ಟಿದರು. ಮಧ್ಯಾಹ್ನದ ಊಟ ಸಂಜೆಗೆ ಆಯಿತು. ಊಟವೇನೋ ಚೆನ್ನಾಗಿಯೇ ಇತ್ತು. ಆದರೆ ಆ ತಾಯಿಯ ಮಾತು ನಮ್ಮ ಮನಸ್ಸಿನಲ್ಲಿ ನಿಂತುಹೋಯಿತು. ಅದರ ಹಿಂದೆ ಒಂದು ನಾಡಿನ ಅನೇಕ ಶತಮಾನಗಳ ಅನುಭವವಿದೆ. ಆ ಅನುಭವದ ಕಥೆಯನ್ನು ಈ ಸಂಚಿಕೆಯ ವಾಚಕರ ಮುಂದಿಡುವುದೇ ನಮ್ಮ ಉದ್ದೇಶ.

ಗುಜರಾತಿನಲ್ಲಿಯೇ ಹುಟ್ಟಿ ಬೆಳೆದ ನಮ್ಮ ಮಕ್ಕಳಿಗೆ ಸೌದೆ ಒಣಗಿಸುವುದೂ ಒಂದು ವಿದ್ಯೆಯೇ ಎಂದು ಅನಿಸಬಹುದು. ಅವರ ತಪ್ಪಲ್ಲ. ಅಹಮದಾಬಾದಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೮೦೦ ಮಿಲಿಮೀಟರು. ಉಡುಪಿಯಲ್ಲಿ ಅದು ೪,೦೦೦ವನ್ನು ಮೀರುತ್ತದೆ; ಆಗುಂಬೆಯಲ್ಲಿ ೭,೦೦೦ವನ್ನೂ ದಾಟುತ್ತದೆ. ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಸುರಿದುಹೋಗುವಂಥದು. ಆ ನಾಲ್ಕು ತಿಂಗಳು ಅಂಗಳಕ್ಕೆ ಬಿಸಿಲು ಅತಿಥಿ. ಆಗ ಒಲೆ ಉರಿಯಬೇಕು, ಬಾಣಂತಿಗೆ ನೀರು ಕಾಯಬೇಕು, ಗದ್ದೆಯಲ್ಲಿ ನೆನೆದು ಬಂದವರಿಗೆ ಗಂಜಿ ಬೇಯಬೇಕು. ಇವೆಲ್ಲವೂ ಬೇಸಿಗೆಯಲ್ಲಿ ಒಟ್ಟಿಟ್ಟ ಸೌದೆಯನ್ನೇ ನಂಬಿದ್ದವು.

ಆದುದರಿಂದ ಮಲೆನಾಡು ಕರಾವಳಿಗಳ ಗೃಹಸ್ಥನ ಪಂಚಾಂಗದಲ್ಲಿ ಸೌದೆಗೂ ಒಂದು ಸ್ಥಾನವಿತ್ತು. ಸುಗ್ಗಿಯ ಕೆಲಸ ಮುಗಿಯುತ್ತಲೇ ಕಡಿಯುವುದು, ಬೇಸಿಗೆಯ ಬಿಸಿಲಲ್ಲಿ ಸಿಗಿದು ಒಣಗಿಸುವುದು, ಮಳೆಗೆ ಮೊದಲು ಒಟ್ಟಿ ಮುಚ್ಚುವುದು. ತುಳುನಾಡಿನಲ್ಲಿ ಪತ್ತನಾಜೆ ಎಂಬ ದಿನವಿದೆ. ಮೇ ತಿಂಗಳ ೨೪ರ ಸುಮಾರಿಗೆ ಬರುತ್ತದೆ. ಅಂದಿಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಕೋಲ ನೇಮಗಳು ನಿಲ್ಲುತ್ತವೆ. ಅದೇ ಹೊತ್ತಿಗೆ ರೋಹಿಣಿ ಮಳೆಯ ನಕ್ಷತ್ರವೂ ಹುಟ್ಟುತ್ತದೆ. ಮೃಗಶಿರ ಕಾಲಿಟ್ಟ ಮೇಲೆ ಸೌದೆಗೆ ಓಡಾಡುವುದು ಊರು ಕೊಳ್ಳೆಹೋದ ಮೇಲೆ ಕೋಟೆಯ ಬಾಗಿಲು ಹಾಕಿದಂತೆ.

ಹಸಿಯ ಸೌದೆ ಏಕೆ ಉರಿಯದು? ಆಗತಾನೆ ಕಡಿದ ಮರದ ತೂಕದಲ್ಲಿ ಸುಮಾರು ಅರ್ಧ ನೀರೇ ಇರುತ್ತದೆ. ಒಲೆಗೆ ಇಟ್ಟಾಗ ಬೆಂಕಿಯ ಶಾಖ ಮೊದಲು ಆ ನೀರನ್ನು ಆವಿ ಮಾಡುವುದಕ್ಕೆ ವ್ಯಯವಾಗುತ್ತದೆ. ಅಷ್ಟು ಹೊತ್ತೂ ಉರಿ ತಣ್ಣಗಿದ್ದು, ಮರದಿಂದ ಹೊರಡುವ ಅನಿಲಗಳು ಪೂರ್ತಿ ಸುಡದೆ ಹೊಗೆಯಾಗಿ ಹೋಗುತ್ತವೆ. ನಮ್ಮ ಕಣ್ಣನ್ನು ಉರಿಸುವ ಹೊಗೆ ಎಂದರೆ ಉರಿಯಾಗದೆ ಉಳಿದ ಸೌದೆಯೇ. ತೆರೆದ ಗಾಳಿಯಲ್ಲಿ ಚೆನ್ನಾಗಿ ಒಣಗಿದ ಸೌದೆಯಲ್ಲಿ ನೀರಿನಂಶ ಶೇಕಡಾ ೧೫ರಿಂದ ೨೦ಕ್ಕೆ ಇಳಿದಿರುತ್ತದೆ. ಅಹಮದಾಬಾದಿನ ಬೇಸಿಗೆಯ ಒಣಗಾಳಿಯಲ್ಲಿ ಅದು ಶೇಕಡಾ ೧೦ಕ್ಕೂ ಕೆಳಗೆ ಹೋಗಬಲ್ಲದು. ಈ ಊರಿನ ಗಾಳಿ ತಾನಾಗಿ ಮಾಡಿಕೊಡುವ ಕೆಲಸವನ್ನು ಮಲೆನಾಡಿನವರು ಯುಕ್ತಿಯಿಂದ ಸಾಧಿಸಬೇಕಾಗಿತ್ತು.

ಯುಕ್ತಿ ನಾಲ್ಕು ವಿಧ. ಮೊದಲನೆಯದು ಸಿಗಿಯುವುದು. ಮರದೊಳಗಿನ ನೀರು ನಾರಿನ ಉದ್ದಕ್ಕೆ ಸಾಗಿ ಕಡಿದ ತುದಿಯಿಂದ ಸುಲಭವಾಗಿ ಹೊರಡುತ್ತದೆ. ತೊಗಟೆಯ ಮೂಲಕ ಬಹಳ ನಿಧಾನ. ಇಡಿಯ ಕೊರಡು ಎರಡು ಬೇಸಿಗೆ ಬಿದ್ದಿದ್ದರೂ ಒಳಗೆ ಹಸಿಯಾಗಿರುವುದುಂಟು. ಅದನ್ನೇ ಗಿಡ್ಡ ತುಂಡು ಮಾಡಿ ಕೊಡಲಿಯಿಂದ ನಾಲ್ಕಾಗಿ ಸೀಳಿದರೆ ಒಂದೇ ಬೇಸಿಗೆ ಸಾಕು. ಎರಡನೆಯದು ನೆಲದಿಂದ ಎತ್ತುವುದು. ಕೆಂಪುಕಲ್ಲಿನ ಮೇಲೆ ಗಳು ಹಾಯಿಸಿ ಒಟ್ಟಿದರೆ ನೆಲದ ತೇವವೂ ಗೆದ್ದಲೂ ದೂರ. ಮೂರನೆಯದು ಸಂದು ಬಿಡುವುದು. ಗಾಳಿ ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡಬೇಕು. ನಾಲ್ಕನೆಯದೇ ಆ ತಾಯಿ ಹೇಳಿದ ಟೋಪಿ: ಅಡಿಕೆಯ ಸೋಗೆಯೋ ಹೆಣೆದ ತೆಂಗಿನ ಮಡಲೋ ಮೇಲುಗಡೆ ಮಾತ್ರ, ನೀರು ಆಚೆಗೆ ಹರಿಯುವಂತೆ ಇಳಿಜಾರಾಗಿ. ಗಾಳಿಮಳೆ ಬಡಿಯುವ ದಿಕ್ಕಿಗೆ ಒಂದು ತಟ್ಟಿ. ಉಳಿದ ಮಗ್ಗುಲುಗಳು ತೆರೆದೇ ಇರಬೇಕು.

ಇದರ ಕಾರಣವೂ ಸರಳ. ಒಣಗಿದ ಸೌದೆಯ ಮೈಮೇಲೆ ನಾಲ್ಕು ಹನಿ ಬಿದ್ದರೆ ಅದು ಹೊರಗಿನ ಒದ್ದೆ. ಗಾಳಿ ಬೀಸಿದರೆ ಆರಿಹೋಗುತ್ತದೆ. ಆದರೆ ಸೌದೆಯೇ ಹೊರಬಿಡುವ ಆವಿ ಹೋಗಲು ದಾರಿಯಿಲ್ಲದೆ ಮುಚ್ಚಿಗೆಯೊಳಗೆ ತಂಗಿದರೆ ಮತ್ತೆ ಹನಿಯಾಗಿ ಅದರ ಮೇಲೆಯೇ ಇಳಿಯುತ್ತದೆ. ಬೂಷ್ಟು ಹಿಡಿಯುತ್ತದೆ, ಮೆತ್ತಗಾಗುತ್ತದೆ. ಹೊರಗಿನ ಮಳೆಗಿಂತ ಒಳಗೆ ಕಟ್ಟಿಹಾಕಿದ ತೇವವೇ ಹೆಚ್ಚು ಕೆಡಿಸುವುದೆಂದು ನಮ್ಮ ಹಿರಿಯರು ಅನುಭವದಿಂದಲೇ ಕಂಡುಕೊಂಡಿದ್ದರು. ಇಷ್ಟಾದರೂ ಆಷಾಢದ ಗಾಳಿಗೆ ತಣ್ಣಗಾದ ಸೌದೆಗೆ ಕೊನೆಯ ಉಪಾಯವಾಗಿ ಒಲೆಯ ಮೇಲಿನ ಅಟ್ಟವಿತ್ತು. ನಾಳೆಯ ಸೌದೆ ಇಂದಿನ ಉರಿಯ ಶಾಖದಲ್ಲಿ ಅಲ್ಲಿ ಬೆಚ್ಚಗೆ ಕುಳಿತಿರುತ್ತಿತ್ತು.

ಈ ಚಿಂತೆ ನಮ್ಮೊಬ್ಬರದೇ ಅಲ್ಲ. ಹಿಮದ ನಾಡಾದ ನಾರ್ವೆಯಲ್ಲಿ ೨೦೧೩ರಲ್ಲಿ ಅಲ್ಲಿಯ ಸಾರ್ವಜನಿಕ ದೂರದರ್ಶನವು ಸೌದೆಯನ್ನು ಕುರಿತೇ ಹನ್ನೆರಡು ಗಂಟೆಗಳ ಕಾರ್ಯಕ್ರಮವನ್ನು ಪ್ರಸಾರ ಮಾಡಿತು. ಒಟ್ಟುವಾಗ ತೊಗಟೆ ಮೇಲಿರಬೇಕೋ ಕೆಳಗಿರಬೇಕೋ ಎಂದು ನೋಡುಗರು ಎರಡು ಪಕ್ಷವಾಗಿ ದೂರು ಕಳಿಸಿದರಂತೆ! ನಮ್ಮ ಮಲೆನಾಡಿನ ಜಗುಲಿಗಳಲ್ಲಿಯೂ ಈ ವಾದ ನಡೆದಿರಲಾರದೆಂದು ಯಾರು ಹೇಳಬಲ್ಲರು?

ಬಯಲುಸೀಮೆಯ ಬಂಧುಗಳು ತಮ್ಮನ್ನು ಮರೆತೆವೆಂದು ಬೇಸರಿಸಬಾರದು. ಧಾರವಾಡ, ಬಿಜಾಪುರ, ರಾಯಚೂರುಗಳ ಕರಿಯ ಮಣ್ಣಿನಲ್ಲಿ ಕಾಡು ಕಡಿಮೆ. ಅಲ್ಲಿ ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಕುಳ್ಳುಗಳೇ ಒಲೆಯ ಆಧಾರ. ಕುಳ್ಳನ್ನು ಬಣವೆಯಾಗಿ ಒಟ್ಟಿ ಮೇಲೆ ಸಗಣಿ ಸಾರಿಸಿ ಮಳೆಯಿಂದ ಕಾಪಾಡುತ್ತಿದ್ದರು. ಹತ್ತಿ ಬೆಳೆಯುವ ಗುಜರಾತಿನ ಹಳ್ಳಿಗಳಿಗೂ ಈ ಉರುವಲು ಹೊಸದಲ್ಲ.

ಇನ್ನು ಚರಿತ್ರೆಯ ಕಡೆಗೆ ತಿರುಗೋಣ. ಕನ್ನಡನಾಡಿನಲ್ಲಿ ಸೌದೆಗೆ ಗೌರವ ತಂದ ಹೆಸರುಗಳಲ್ಲಿ ಮೊದಲು ನೆನೆಯಬೇಕಾದುದು ೧೨ನೆಯ ಶತಮಾನದ ಶರಣ ಮೋಳಿಗೆಯ ಮಾರಯ್ಯನದು. ಮೋಳಿಗೆ ಎಂದರೆ ಸೌದೆಯ ಹೊರೆ. ಈತನು ಕಾಶ್ಮೀರದ ಅರಸನಾಗಿದ್ದು, ರಾಜ್ಯವನ್ನು ಬಿಟ್ಟು ಮಡದಿ ಮಹಾದೇವಿಯೊಡನೆ ಬಸವಣ್ಣನವರ ಕಲ್ಯಾಣಕ್ಕೆ ಬಂದು, ಕಾಡಿನಿಂದ ಸೌದೆ ತಂದು ಮಾರಿ ಅದರಿಂದ ದಾಸೋಹ ನಡೆಸಿದನೆಂದು ಪರಂಪರೆ ಹೇಳುತ್ತದೆ. ದಂಪತಿಗಳಿಬ್ಬರ ವಚನಗಳೂ ದೊರೆತಿವೆ. ಪರನಾಡಿನಿಂದ ಬಂದವನೊಬ್ಬ ಸೌದೆ ಹೊತ್ತು, ಬಂದ ನಾಡಿನ ನುಡಿಯಲ್ಲಿಯೇ ಬರೆದು, ಆ ನಾಡಿನವನೇ ಆಗಿಹೋದ. ನಾಡು ಬಿಟ್ಟು ಬಂದು ದುಡಿದು ಬದುಕುವ ನಮಗೆ ಈ ಕಥೆ ಬೇರೆಯವರಿಗಿಂತ ಒಂದು ಹಿಡಿ ಹೆಚ್ಚು ಅರ್ಥವಾಗಬೇಕು.

ಸೌದೆಯ ಒಟ್ಟಿಲಿಗೆ ಗುಡಿಯ ಗೌರವ ಸಿಕ್ಕಿದುದು ಉಡುಪಿಯಲ್ಲಿ. ಶ್ರೀ ಮಧ್ವಾಚಾರ್ಯರು ೧೩ನೆಯ ಶತಮಾನದಲ್ಲಿ ಸ್ಥಾಪಿಸಿದ ಕೃಷ್ಣಮಠದ ಪೂಜೆಯನ್ನು ಅಷ್ಟಮಠಗಳು ಸರದಿಯಂತೆ ನಡೆಸುತ್ತವೆ. ಮೊದಲು ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ಸೋದೆಯ ಶ್ರೀ ವಾದಿರಾಜರು. ಆ ಪದ್ಧತಿ ೧೫೨೨ರಿಂದ ನಡೆದುಬಂದಿದೆ ಎನ್ನುತ್ತಾರೆ. ಸಮಸಂಖ್ಯೆಯ ವರ್ಷಗಳ ಜನವರಿ ೧೮ರಂದು ಪರ್ಯಾಯ ಬದಲಾಗುತ್ತದೆ. ೨೦೨೪ರಲ್ಲಿ ಪುತ್ತಿಗೆ ಮಠದ ಸರದಿ ಬಂದಿತ್ತು.

ಸರದಿ ಬರುವ ಮಠ ಎರಡು ವರ್ಷ ಪ್ರತಿದಿನವೂ ಸಾವಿರಾರು ಜನರಿಗೆ ಅನ್ನವಿಕ್ಕಬೇಕು. ಆದುದರಿಂದ ಪೀಠವೇರುವುದಕ್ಕೆ ಒಂದು ವರ್ಷ ಮೊದಲೇ ಸಿದ್ಧತೆ ಆರಂಭ. ಅದಕ್ಕೆ ನಾಲ್ಕು ಮುಹೂರ್ತಗಳು: ಬಾಳೆ, ಅಕ್ಕಿ, ಕಟ್ಟಿಗೆ, ಭತ್ತ. ಎಲೆಗೆ ಬಾಳೆ ನೆಡುವುದು, ಅಕ್ಕಿ ಕೂಡಿಡುವುದು, ಸೌದೆ ಒಟ್ಟುವುದು, ಭತ್ತ ತುಂಬುವುದು. ಊಟಕ್ಕೆ ಕುಳಿತವನಿಗೆ ಅನ್ನ ಮಾತ್ರ ಕಾಣುತ್ತದೆ. ವ್ಯವಸ್ಥೆ ಮಾಡುವವನಿಗೆ ಮೊದಲು ಕಾಣುವುದು ಎಲೆ ಮತ್ತು ಸೌದೆ.

ಕಟ್ಟಿಗೆ ಮುಹೂರ್ತದಲ್ಲಿ ಪೂಜೆ ಮಾಡಿ ತರುವ ಸೌದೆಯನ್ನು ಮಧ್ವಸರೋವರದ ಬಳಿಯಲ್ಲಿ ರಥದ ಆಕಾರಕ್ಕೆ ಒಟ್ಟುತ್ತಾರೆ. ಇದೇ ಪ್ರಸಿದ್ಧವಾದ ಕಟ್ಟಿಗೆ ರಥ. ಸೀಳಿದ ಸೌದೆಯನ್ನು ಸುತ್ತು ಸುತ್ತಾಗಿ ಜೋಡಿಸುತ್ತ ಹೋಗಿ, ಭತ್ತ ಮುಹೂರ್ತದ ಹೊತ್ತಿಗೆ ತುದಿಗೆ ಶಿಖರವಿಟ್ಟು ಪೂರ್ಣಗೊಳಿಸುತ್ತಾರೆ. ಕಟ್ಟುವವರು ಕೈಚಳಕ ಬಲ್ಲವರು. ರಥ ತೆರೆದ ಆಕಾಶದ ಕೆಳಗೆ ನಿಂತಿರುತ್ತದೆ. ಸಾವಿರ ಸಂದುಗಳಿಂದ ಗಾಳಿ ಆಡುತ್ತದೆ. ಗುಂಡಗೆ ಮೇಲೇರಿ ಕಿರಿದಾಗುವ ಮೈಯಿಂದ ಮಳೆಯ ನೀರು ಜಾರಿಹೋಗುತ್ತದೆ. ಯೂರೋಪಿನ ಜರ್ಮನ್ ಭಾಷೆಯ ಸೀಮೆಗಳಲ್ಲಿಯೂ ರೈತರು ಸೌದೆಯನ್ನು ಹೀಗೆಯೇ ದುಂಡಗಿನ ಗೋಪುರವಾಗಿ ಒಟ್ಟುವ ರೂಢಿಯುಂಟು. ಒಬ್ಬರನ್ನೊಬ್ಬರು ಕಾಣದ ಎರಡು ನಾಡುಗಳಿಗೆ ಮಳೆಯೂ ಗಾಳಿಯೂ ಒಂದೇ ಪಾಠವನ್ನು ಕಲಿಸಿದುವೆನ್ನಬೇಕು. ಭಕ್ತರಿಗೆ ಅದು ರಥ, ಅಡಿಗೆಯವರಿಗೆ ಉಗ್ರಾಣ. ಎರಡೂ ಒಂದೇ ಆಗಿರುವುದರಲ್ಲಿ ನಮ್ಮ ಸಂಸ್ಕೃತಿಯ ಸೊಗಸಿದೆ.

ಬ್ರಿಟಿಷರ ಕಾಲದಲ್ಲಿ ಸೌದೆಯ ಕಥೆ ಬೇರೆ ತಿರುವು ಹಿಡಿಯಿತು. ಅಲ್ಲಿಯ ವರೆಗೆ ಊರಿನ ಕಾಡು ಊರಿನದು. ೧೮೭೮ರ ಅರಣ್ಯ ಕಾಯಿದೆಯಾದ ಮೇಲೆ ಕಾಯ್ದಿಟ್ಟ ಅರಣ್ಯದೊಳಗೆ ಕತ್ತಿ ಹಿಡಿದು ಕಾಲಿಡುವುದು ಅಪರಾಧವಾಯಿತು. ಉತ್ತರ ಕನ್ನಡದ ಸೊಪ್ಪಿನ ಬೆಟ್ಟ, ಕೊಡಗಿನ ಬಾಣೆ, ದಕ್ಷಿಣ ಕನ್ನಡದಲ್ಲಿ ಸಾಗುವಳಿ ಭೂಮಿಯಿಂದ ನೂರು ಗಜದ ವರೆಗಿನ ಕುಮ್ಕಿ, ಇವು ಸೊಪ್ಪು ಸೌದೆಗಳಿಗಾಗಿ ಸಾಗುವಳಿದಾರರಿಗೆ ಉಳಿದ ಸೌಲಭ್ಯಗಳು. ಭೂಮಿಯಿಲ್ಲದ ಬಡವರಿಗೆ ತಲೆಹೊರೆಯೂ ಹೆದರಿಕೆಯೇ ಗತಿ. ಸೌದೆ ಒಣಗಿಸುವ ವಿದ್ಯೆ ಎಲ್ಲರಿಗೂ ತಿಳಿದಿದ್ದರೂ, ಒಂದು ವರ್ಷದ ಸೌದೆಯನ್ನು ಮುಂಚಿತವಾಗಿ ಒಟ್ಟಿಡುವ ಭಾಗ್ಯ ಎಲ್ಲರಿಗೂ ಇರಲಿಲ್ಲ. ಅಂದಂದಿನ ಸೌದೆಯನ್ನು ಅಂದಂದೇ ತರಬೇಕಾದವರ ಒಲೆಯಲ್ಲಿ ಹಸಿಯ ಹೊಗೆಯೇ ಹೆಚ್ಚು. ಇದನ್ನು ಮರೆತು ಹಿಂದಿನದನ್ನೆಲ್ಲ ಹೊಗಳುವುದು ನ್ಯಾಯವಲ್ಲ.

ಇಲ್ಲಿ ನಮ್ಮ ವಾಚಕರು ಗಮನಿಸಬೇಕಾದ ಒಂದು ಸಂಗತಿಯುಂಟು. ೧೮೬೨ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡ, ಬೆಳಗಾವಿ, ಬಿಜಾಪುರಗಳೂ ಆ ಪ್ರಾಂತದವೇ. ಅಹಮದಾಬಾದು, ಸೂರತ್ತುಗಳೂ ಆ ಪ್ರಾಂತದವೇ. ೧೯೫೬ರ ನವೆಂಬರ್ ೧ರಂದು ಕನ್ನಡನಾಡು ಒಂದಾಗುವ ವರೆಗೆ ಶಿರಸಿಯ ರೈತನೂ ಸಾಬರಮತಿಯ ದಂಡೆಯ ಗಿರಣಿ ಕೆಲಸಗಾರನೂ ಒಂದೇ ಸರಕಾರದ ಪ್ರಜೆಗಳು. ಗುಜರಾತ್ ರಾಜ್ಯವಾದುದು ೧೯೬೦ರ ಮೇ ೧ರಂದು. ನಮ್ಮ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರು ಬಂದುದು ೧೯೭೩ರ ನವೆಂಬರ್ ೧ರಂದು. ಆದುದರಿಂದ ನಾವು ಈ ನಾಡಿಗೆ ತೀರ ಹೊರಗಿನವರೆಂದು ಹೇಳುವಂತಿಲ್ಲ.

ಸೌದೆಯ ಮರಗಳೂ ನಮ್ಮಂತೆ ವಲಸೆ ಬಂದವೇ. ೧೮೬೮ರ ಸುಮಾರಿಗೆ ಕಾರವಾರದ ಕಡಲತೀರದಲ್ಲಿ ನೆಟ್ಟ ಗಾಳಿಮರ ಆಸ್ಟ್ರೇಲಿಯದ ಕಡೆಯದು. ಅದರ ಸೌದೆ ಅರೆಹಸಿಯಾಗಿದ್ದರೂ ಉರಿಯುತ್ತದೆಂದು ಬಹಳ ಬೇಗ ಜನಪ್ರಿಯವಾಯಿತು. ಬಳ್ಳಾರಿ ಜಾಲಿ ಎಂದು ನಾವು ಕರೆಯುವ ಮರವೇ ಗುಜರಾತಿನವರ ಗಾಂಡೋ ಬಾವಳ, ಅಂದರೆ ಹುಚ್ಚು ಜಾಲಿ. ಅಮೆರಿಕ ಖಂಡದಿಂದ ಬಂದ ಈ ಮರವನ್ನು ಮರುಭೂಮಿಯನ್ನು ತಡೆಯಲೆಂದು ೧೯೬೧ರಲ್ಲಿ ಕಚ್ಛದ ಬನ್ನಿಯಲ್ಲಿ ನೆಟ್ಟರು. ಈಗ ಅದು ಬನ್ನಿಯ ಹುಲ್ಲುಗಾವಲನ್ನೇ ನುಂಗುತ್ತಿದೆ. ಆದರೂ ಎರಡು ನಾಡುಗಳ ಬಡವರ ಒಲೆಗೂ ಅದೇ ಸೌದೆ. ನಮ್ಮ ರಾಜ್ಯೋತ್ಸವದ ಬಯಲಿಗೆ ಬಂದ ಗಾಡಿಯಲ್ಲಿಯೂ ಅದೇ ಇತ್ತು.

ಕೊನೆಯದಾಗಿ ಒಲೆಯ ಮುಂದೆ ಕುಳಿತವರ ಮಾತು. ೧೯೮೧ರಲ್ಲಿ ಕರ್ಕ್ ಸ್ಮಿತ್ ಎಂಬ ಅಮೆರಿಕದ ವಿಜ್ಞಾನಿ, ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆ ಹಾಗೂ ವಲ್ಲಭ ವಿದ್ಯಾನಗರದ ವಿಜ್ಞಾನಿಗಳೊಡನೆ ಕೂಡಿ, ಗುಜರಾತಿನ ನಾಲ್ಕು ಹಳ್ಳಿಗಳಲ್ಲಿ ಅಡಿಗೆ ಮಾಡುವ ಹೆಂಗಸರ ಮೈಗೆ ಸಣ್ಣ ಉಪಕರಣಗಳನ್ನು ಕಟ್ಟಿ ಅವರು ಉಸಿರಾಡುವ ಹೊಗೆಯನ್ನು ಅಳೆದರು. ಘನಮೀಟರು ಗಾಳಿಯಲ್ಲಿ ಸರಾಸರಿ ಸುಮಾರು ೭ ಮಿಲಿಗ್ರಾಂ ಹೊಗೆಯ ಕಣಗಳು! ದೊಡ್ಡ ನಗರಗಳ ಬೀದಿಯ ಗಾಳಿಯೂ ಅದರ ಮುಂದೆ ಶುದ್ಧವೆನ್ನಬೇಕು. ಅಡಿಗೆಮನೆಯ ಹೊಗೆಯನ್ನು ಕುರಿತ ಜಗತ್ತಿನ ಮೊದಮೊದಲ ಅಳತೆಗಳಲ್ಲಿ ಇದೂ ಒಂದು. ಕರ್ನಾಟಕದಲ್ಲಿಯೂ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರದಲ್ಲಿ ೧೯೭೪ರಲ್ಲಿ ಹುಟ್ಟಿದ ಅಸ್ತ್ರ ಎಂಬ ಕೇಂದ್ರದವರು, ಕಡಿಮೆ ಸೌದೆಯಲ್ಲಿ ಹೆಚ್ಚು ಬೇಯಿಸುವ, ಹೊಗೆಯನ್ನು ಕೊಳವೆಯಿಂದ ಹೊರಗೆ ಕಳಿಸುವ ಅಸ್ತ್ರ ಒಲೆಯನ್ನು ರೂಪಿಸಿ ಹಳ್ಳಿಗಳಿಗೆ ಕೊಂಡೊಯ್ದರು.

ಈ ಅಳತೆಗಳನ್ನು ಓದಿದ ಮೇಲೆ ಒಟ್ಟಿಲಿನ ನಿಜವಾದ ಬೆಲೆ ನಮಗೆ ತಿಳಿಯಿತು. ಹೊಗೆಗೂಡಿಲ್ಲದ ಮನೆಯಲ್ಲಿ ಹೆಣ್ಣುಮಕ್ಕಳ ಕಣ್ಣಿಗೂ ಎದೆಗೂ ಇದ್ದ ದೊಡ್ಡ ರಕ್ಷಣೆ ಒಣಸೌದೆಯೇ. ಬೇಸಿಗೆಯಲ್ಲಿ ಬೆವರಿಳಿಸಿ ಸೀಳಿ ಒಟ್ಟಿದ ಗಂಡಸು ಆಷಾಢದ ಒಲೆಯ ಮುಂದೆ ಕೂರುವವಳನ್ನು ನೆನೆದು ಒಟ್ಟಿದ್ದರೆ ಅದು ಒಂದು ಬಗೆಯ ಪ್ರೀತಿ. ನಾಳೆ ಮಾಡೋಣವೆಂದು ಉದಾಸೀನ ಮಾಡಿದ್ದರೆ ಅದರ ಫಲವನ್ನು ಅವನು ಉಣ್ಣಲಿಲ್ಲ, ಅವಳು ಉಂಡಳು. ಬಾಯಿ ಬಿಟ್ಟು ಹೇಳದೆ ಸೆರಗಿನಿಂದ ಕಣ್ಣೊರಸಿಕೊಂಡ ನಮ್ಮ ತಾಯಂದಿರು ಎಷ್ಟು ಜನ!

ಇಂದು ನಮ್ಮ ಅಡಿಗೆಮನೆಗಳಲ್ಲಿ ಅನಿಲದ ಒಲೆ ಬಂದಿದೆ. ೨೦೧೬ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಹಳ್ಳಿಯ ಬಡ ಮನೆಗಳಿಗೂ ಅನಿಲದ ಜಾಡಿ ತಲಪಿದೆ. ಇದಕ್ಕಾಗಿ ನಾವು ಸಂತೋಷಪಡಬೇಕು. ಹೊಗೆ ಮರಳಿ ಬರಲೆಂದು ಯಾವ ವಿವೇಕಿಯೂ ಬಯಸಲಾರ. ೨೦೨೦ರಲ್ಲಿ ಬೋಪಾಲ್ ಅಹಮದಾಬಾದ್ ಮಹಾನಗರಪಾಲಿಕೆಗೆ ಸೇರಿತು. ಇಲ್ಲಿಯ ಬಹುಮಹಡಿಗಳಲ್ಲಿ ಸೌದೆಗೆ ಜಾಗವೂ ಇಲ್ಲ, ಬೇಕಾಗಿಯೂ ಇಲ್ಲ. ಒಟ್ಟುವ ವಿದ್ಯೆ ಬಲ್ಲ ತಲೆಮಾರು ನಮ್ಮ ಕಣ್ಣೆದುರಿಗೇ ಮರೆಯಾಗುತ್ತಿದೆ. ಊರಿಗೆ ಹೋದಾಗ ಅಜ್ಜಿಯನ್ನು ಕೂರಿಸಿಕೊಂಡು ಇದನ್ನೊಮ್ಮೆ ಕೇಳಿ ತಿಳಿದುಕೊಳ್ಳಿರೆಂದು ಮಕ್ಕಳಿಗೆ ನಮ್ಮ ಸಲಹೆ.

ಕನ್ನಡದಲ್ಲಿ ಒಟ್ಟು ಎಂದರೆ ರಾಶಿ ಹಾಕು ಎಂದೂ ಅರ್ಥ, ಕೂಡಿದುದು ಎಂದೂ ಅರ್ಥ. ಸೌದೆಯನ್ನು ಒಟ್ಟುತ್ತೇವೆ, ಜನರು ಒಟ್ಟಾಗುತ್ತಾರೆ. ಪರನಾಡಿನಲ್ಲಿ ನಮ್ಮ ನುಡಿಯನ್ನು ಉಳಿಸಿಕೊಳ್ಳುವ ಚಿಂತೆಯಲ್ಲಿ ಕೆಲವೊಮ್ಮೆ ನಾವು ಅದನ್ನೂ ಆ ಪ್ಲಾಸ್ಟಿಕ್ ಹಾಳೆಯಂತೆ ನಾಲ್ಕೂ ಕಡೆ ಬಿಗಿದು ಕಟ್ಟುತ್ತೇವೆ. ಮಕ್ಕಳು ಗುಜರಾತಿ ಬೆರೆಸಿದರೆ ಗದರಿಸುತ್ತೇವೆ, ತಪ್ಪಾಡಿದರೆ ನಗುತ್ತೇವೆ. ಅವರು ಬಾಯಿ ಮುಚ್ಚಿಕೊಳ್ಳುತ್ತಾರೆ. ತೀರ್ಥಹಳ್ಳಿಯ ತಾಯಿ ಅಂದು ಸೌದೆಯ ಮಾತನ್ನಷ್ಟೇ ಆಡಿದರು. ನಮಗೆ ಮಾತ್ರ ಅದು ಹೆಚ್ಚಾಗಿಯೇ ಕೇಳಿಸಿತು: ನೆಲದಿಂದ ಸ್ವಲ್ಪ ಎತ್ತಿ ಇಡಿ, ಗಾಳಿಗೆ ಬಿಡಿ, ತಲೆಗೆ ಮಾತ್ರ ಸೂರು ಮಾಡಿ. ಮಳೆಗೆ ಮೊದಲೇ ಮಾಡಿ.